ಹಾಲು ಸೋಸುವ ಗುಲಾಬಿ ಬಟ್ಟೆ

ಮೊದಲ ಬಟ್ಟೆಯಲ್ಲಿ ಸೋಸಿದ ಹಾಲು ಗುಲಾಬಿ ಬಣ್ಣಕ್ಕೆ ತಿರುಗಿತು. ಮಂಡ್ಯದ ನಮ್ಮ ಕಾಲೇಜಿನ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಬೀಕರನ್ನು ಕಿಟಕಿಯ ಕಡೆ ಎತ್ತಿ ಹಿಡಿದು ನೋಡುತ್ತಾ ನಿಂತಿದ್ದೆ. ಸೂಕ್ಷ್ಮಜೀವಿಶಾಸ್ತ್ರ ವಿಭಾಗದ ಸಹೋದ್ಯೋಗಿ ಹಿಂದಿನಿಂದ ಬಂದು, "ಒಂದು ಏಲಕ್ಕಿ ಜಜ್ಜಿ ಹಾಕಿದ್ರೆ ಕುಡೀಬೋದಿತ್ತು ಮೇಡಂ" ಎಂದಳು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಮೂರು ತಿಂಗಳ ಕೆಲಸ ಆ ಬೀಕರಿನಲ್ಲಿ ಕರಗಿ ಕೂತಿತ್ತು. "ನಿಮ್ಮ ಬ್ಯಾಕ್ಟೀರಿಯಾ ಸಾಯ್ಸೋಕೆ ತಾನೇ ನಾನು ಒದ್ದಾಡ್ತಿರೋದು? ಹೋಗಿ ನಿಮ್ಮ ಪ್ಲೇಟು ತೊಳ್ಕೊಳಿ" ಎಂದು ರೇಗಿದೆ. ಅವಳು ನಗುತ್ತಲೇ ಹೋದಳು. ನನ್ನ ಸಿಟ್ಟಿಗೆ ಹೆದರದ ಕೆಲವೇ ಜನರಲ್ಲಿ ಅವಳೊಬ್ಬಳು. ಈಗ ಆ ಲ್ಯಾಬಿಗೆ ಹೊಸ ಟೈಲ್ಸು ಬಂದಿದೆ, ಏಸಿ ಬಂದಿದೆ, ಯಾರೂ ಯಾರಿಗೂ ರೇಗುವುದಿಲ್ಲ. ನನಗೆ ಆ ಹಳೆಯ ಲ್ಯಾಬೇ ಬೇಕು ಅನ್ನಿಸುತ್ತದೆ.

ನಾನು ಮಾಡಲು ಹೊರಟಿದ್ದು, ಬೆಳಕು ಬಿದ್ದರೆ ತನ್ನ ಮೇಲಿನ ಸೂಕ್ಷ್ಮಜೀವಿಗಳನ್ನು ತಾನೇ ಕೊಲ್ಲುವಂಥ ಹಾಲು ಸೋಸುವ ಬಟ್ಟೆ. ಕೇಳಲು ದೊಡ್ಡ ಮಾತು, ಒಳಗಿನ ತತ್ವ ಸರಳ. ಪಾಲಿಮರ್ ಅಂದರೆ ಸಣ್ಣ ಅಣುಗಳು ಕೈಕೈ ಹಿಡಿದು ಆದ ಉದ್ದನೆಯ ಸರಪಳಿ. ಆ ಸರಪಳಿಗೆ ಅಲ್ಲಲ್ಲಿ ಒಂದೊಂದು ಬಣ್ಣದ ಅಣುವನ್ನು ಕಟ್ಟಬೇಕು. ಬೆಳಕು ಬಿದ್ದಾಗ ಬಣ್ಣ ಅದನ್ನು ಹೀರಿಕೊಂಡು, ಆ ಶಕ್ತಿಯನ್ನು ಪಕ್ಕದಲ್ಲಿರುವ ಗಾಳಿಯ ಆಮ್ಲಜನಕಕ್ಕೆ ದಾಟಿಸುತ್ತದೆ. ಹಾಗೆ ಕೆರಳಿದ ಆಮ್ಲಜನಕ ಹತ್ತಿರ ಕೂತ ಬ್ಯಾಕ್ಟೀರಿಯಾದ ಹೊರಪೊರೆಯನ್ನು ಹಾಳುಮಾಡುತ್ತದೆ. ಬೆಳಕಿಲ್ಲದಿದ್ದರೆ ಏನೂ ಇಲ್ಲ, ಅದು ಬರೀ ಬಣ್ಣದ ಬಟ್ಟೆ.

ಬಣ್ಣಕ್ಕೆ ನಾನು ಆರಿಸಿಕೊಂಡಿದ್ದು ಎರಿಥ್ರೋಸಿನ್. ಬೇಕರಿಯವರು ಕೇಕಿನ ಮೇಲಿಡುವ ಚೆರ್ರಿಗೆ ಹಾಕುವ ಬಣ್ಣ ಅದು, ತಿನ್ನಲು ಒಪ್ಪಿಗೆ ಇರುವಂಥದ್ದು. ಪಾಲಿಮರಿಗೆ ಬಹಳ ಜನ ಬಳಸುವುದು ಸೀಗಡಿ ಚಿಪ್ಪಿನಿಂದ ತೆಗೆದ ಒಂದು ವಸ್ತುವನ್ನು. ಕೆಲಸಕ್ಕೆ ಅದು ಇನ್ನೂ ಚೆನ್ನ. ಆದರೆ ಹಾಲಿನ ಬಟ್ಟೆಗೆ ಸೀಗಡಿ ಚಿಪ್ಪು ಸವರಿ, ಇದು ಯಾವುದರಿಂದ ಮಾಡಿದ್ದು ಎಂದು ಕೇಳಿದವರಿಗೆ ನಾನು ಏನು ಹೇಳಲಿ? ಸುಳ್ಳು ಹೇಳುವುದು ನನ್ನ ಕೈಲಾಗದು. ಹಾಗಾಗಿ ಪಾಲಿವಿನೈಲ್ ಆಲ್ಕೋಹಾಲ್ ಹಿಡಿದೆ. ಬಿಸಿನೀರಿನಲ್ಲಿ ಕರಗುವ ಬಿಳಿ ಪುಡಿ, ಹೆಸರಿನಲ್ಲಿ ಮಾತ್ರ ಆಲ್ಕೋಹಾಲ್. ಅದಕ್ಕೆ ಬಣ್ಣ ಕಟ್ಟಿ, ಸಿಟ್ರಿಕ್ ಆಮ್ಲ ಬೆರೆಸಿ, ಆ ದ್ರಾವಣದಲ್ಲಿ ಹತ್ತಿ ಬಟ್ಟೆ ಅದ್ದಿ, ಹಿಂಡಿ, ಓವನ್ನಿನಲ್ಲಿ ನೂರೈವತ್ತು ಡಿಗ್ರಿಗೆ ಕಾಯಿಸಿದರೆ ನಿಂಬೆಹುಳಿಯ ಆ ಆಮ್ಲವೇ ಕೊಂಡಿಯಾಗಿ ಪಾಲಿಮರನ್ನು ಬಟ್ಟೆಗೆ ಹೆಣೆಯುತ್ತದೆ.

ಹಾಲು ಗುಲಾಬಿಯಾಗಿದ್ದು ಸರಪಳಿಗೆ ಸಿಕ್ಕಿಕೊಳ್ಳದೆ ಸುಮ್ಮನೆ ಅಂಟಿಕೊಂಡಿದ್ದ ಬಣ್ಣದಿಂದ. ಅದನ್ನು ತೆಗೆಯಲು ದ್ರಾವಣವನ್ನು ತೆಳುಪೊರೆಯ ಚೀಲಕ್ಕೆ ತುಂಬಿ, ಬಕೆಟ್ಟಿನಲ್ಲಿ ಮುಳುಗಿಸಿಟ್ಟು, ದಿನಕ್ಕೆ ಮೂರು ಸಲ ನೀರು ಬದಲಿಸಿದೆ. ಬಿಡಿ ಬಣ್ಣ ಪೊರೆ ದಾಟಿ ಹೊರಗೆ ಬರುತ್ತದೆ, ಸರಪಳಿಗೆ ಕಟ್ಟಿದ್ದು ಒಳಗೇ ಉಳಿಯುತ್ತದೆ. ಹನ್ನೊಂದನೆಯ ದಿನ ನೀರು ತಿಳಿಯಾಯಿತು. ಕಾಯಿಸುವ ಹೊತ್ತನ್ನೂ ಎರಡು ನಿಮಿಷ ಹೆಚ್ಚಿಸಿದೆ. ಆಮೇಲೆ ಹಾಲು ಸೋಸಿ, ಬಟ್ಟೆಯನ್ನು ಬಿಸಿಹಾಲಿನಲ್ಲೇ ನೆನೆಹಾಕಿ ನೋಡಿದೆ. ಹಾಲು ಬೆಳ್ಳಗೇ ಇತ್ತು. ಕಾಲೇಜಿನ ತಾರಸಿಯ ಮೇಲೆ ಎರಡು ಗಂಟೆ ಒಣಗಿದ ಬಟ್ಟೆಯ ತುಂಡಿನಿಂದ ಸಹೋದ್ಯೋಗಿ ಪ್ಲೇಟು ಹಾಕಿದಳು. ಮಾರನೆಯ ದಿನ ಒಂದು ಚುಕ್ಕೆಯೂ ಬೆಳೆದಿರಲಿಲ್ಲ. ಅವಳು ಪ್ಲೇಟನ್ನು ನನ್ನ ಮೇಜಿನ ಮೇಲಿಟ್ಟು, "ಸತ್ತೋಗಿವೆ ಮೇಡಂ, ಎಲ್ಲಾ" ಎಂದಳು. ನಾವಿಬ್ಬರೂ ಕ್ಯಾಂಟೀನಿಗೆ ಹೋಗಿ ಎರಡೆರಡು ದೋಸೆ ತಿಂದೆವು.

ಬಟ್ಟೆ ಯಾರಿಗಾಗಿ ಎಂಬುದು ಮೊದಲೇ ಗೊತ್ತಿತ್ತು. ಸಹೋದ್ಯೋಗಿಯ ತವರು ಮಳವಳ್ಳಿ ದಾಟಿ ಬಂಡೂರಿನ ಕಡೆ ಹೋಗುವ ರಸ್ತೆಯಲ್ಲಿದ್ದ ಒಂದು ಹಳ್ಳಿ. ಅಲ್ಲಿ ಹೆಂಗಸರೇ ನಡೆಸುವ ಹಾಲಿನ ಸಂಘವಿತ್ತು. ಊರವರ ಬಾಯಲ್ಲಿ ಅದು ಡೈರಿ. ಬೇಸಿಗೆ ಬಂದರೆ ಡೈರಿಯ ಕ್ಯಾನು ಮದ್ದೂರು ಮುಟ್ಟುವ ಹೊತ್ತಿಗೆ ಹುಳಿ ವಾಸನೆ. ಮದ್ದೂರಿನ ಪರೀಕ್ಷಾಲಯದಲ್ಲಿ ಹಾಲಿಗೆ ನೀಲಿ ದ್ರಾವಣ ಹಾಕಿ ಬೆಚ್ಚನೆಯ ನೀರಿನಲ್ಲಿಡುತ್ತಾರೆ. ಬ್ಯಾಕ್ಟೀರಿಯಾ ಹೆಚ್ಚಿದ್ದಷ್ಟೂ ನೀಲಿ ಬೇಗ ಮಾಯವಾಗುತ್ತದೆ. ಐದು ಗಂಟೆ ನೀಲಿ ನಿಂತರೆ ಒಳ್ಳೆಯ ಹಾಲು. ಈ ಊರಿನದು ಎರಡು ಗಂಟೆಗೇ ಬಿಳುಪಾಗುತ್ತಿತ್ತು. ಹಾಲು ಸೋಸುವ ಒದ್ದೆ ಬಟ್ಟೆಗಳ ಮೇಲೆ ನಮಗೆ ಅನುಮಾನವಿತ್ತು.

ಮೊದಲು ಕೊಟ್ಟು ನೋಡಲು ಆರಿಸಿದ ಆರು ಮನೆಗೆ, ಬೆಳಿಗ್ಗೆಗೊಂದು ಸಂಜೆಗೊಂದು ಲೆಕ್ಕದಲ್ಲಿ, ಹನ್ನೆರಡು ಬಟ್ಟೆ ಬೇಕಿತ್ತು. ಅಂಚು ಹೊಲಿಯಲು ಪೇಟೆಬೀದಿಯ ಟೈಲರ್ ಸಾಹೇಬರ ಹತ್ತಿರ ಹೋದೆ. ನನ್ನವ್ವನ ಕಾಲದಿಂದ ನಮ್ಮ ಮನೆಗೆ ಹೊಲಿಯುತ್ತಿದ್ದವರು. ಬಟ್ಟೆ ತಿರುಗಿಸಿ ನೋಡಿ, "ಏನಮ್ಮಾ ಇದು, ಕುಲಾವಿಗೆ ಜಾಸ್ತಿ, ಲಂಗಕ್ಕೆ ಕಮ್ಮಿ" ಎಂದರು. ಹಾಲು ಸೋಸೋಕೆ ಅಂದೆ. "ಹಾಲಿಗೆ ಗುಲಾಬಿ ಬಟ್ಟೆನಾ? ಅಚ್ಛಾ" ಎಂದವರು ಇನ್ನೇನೂ ಕೇಳಲಿಲ್ಲ. ಎಳೆ ಬಿಚ್ಚದ ಹಾಗೆ ಎರಡು ಮಡಿಕೆ ಹಾಕಿ ಹೊಲಿದು ಕೊಟ್ಟರು.

ಬಟ್ಟೆಯ ಜೊತೆ ಕೊಡಲು ಒಂದು ಚೀಟಿ ಬರೆದೆ. ತಣ್ಣೀರಲ್ಲಿ ತೊಳೆಯಿರಿ. ಕುದಿಸಬೇಡಿ. ಎರಡು ಗಂಟೆ ಬೆಳಕಿನಲ್ಲಿ ಒಣಗಿಸಿ. ಕುದಿಸಬಾರದು ಎಂಬುದಕ್ಕೆ ಕಾರಣವಿತ್ತು. ಹಳ್ಳಿಯ ಕಡೆ ಬಟ್ಟೆ ಕುದಿಸುವುದು ಬೂದಿ ನೀರಿನಲ್ಲಿ, ಆ ಕ್ಷಾರದಲ್ಲಿ ಕುದಿಸಿದರೆ ನನ್ನ ನಿಂಬೆಹುಳಿಯ ಕೊಂಡಿಗಳು ಬಿಚ್ಚಿಕೊಂಡು ಬಣ್ಣ ಹಾಲಿಗಿಳಿಯುತ್ತದೆ. ಮೂರನೆಯ ಸಾಲನ್ನು ಓದಿದ ಸಹೋದ್ಯೋಗಿ, "ಬಿಸಿಲಲ್ಲಿ ಅಂತ ಬರೀರಿ ಮೇಡಂ" ಎಂದಳು. "ಬಿಸಿಲು ಅಂದ್ರೆ ಬಿಸಿಗೆ ಸಾಯುತ್ತೆ ಅಂದ್ಕೋತಾರೆ. ಸಾಯಿಸೋದು ಬೆಳಕು. ಇರೋದನ್ನ ಇದ್ದ ಹಾಗೆ ಬರೀಬೇಕು" ಎಂದು ಅವಳ ಬಾಯಿ ಮುಚ್ಚಿಸಿದೆ. ಮೇಷ್ಟರಗಿರಿಯ ಕೊಬ್ಬು, ಮತ್ತೇನಲ್ಲ.

ಡೈರಿಯಲ್ಲಿ ಬಟ್ಟೆ ಹಂಚಿದ ದಿನ ಚೆನ್ನಾಗಿ ನೆನಪಿದೆ. ಆರು ಜನರಲ್ಲಿ ಹಿರಿಯಳಾದ ಒಬ್ಬಳನ್ನು ಇಡೀ ಊರು ದೊಡ್ಡವ್ವ ಎನ್ನುತ್ತಿತ್ತು, ನಾನೂ ಹಾಗೇ ಕರೆದೆ. ಡೈರಿ ಶುರುವಾದ ದಿನ ಮೊದಲ ಚೊಂಬು ಹಾಲು ಹುಯ್ದವಳು ಅವಳಂತೆ. ಎರಡು ಹಸು ಕಟ್ಟಿದ್ದಳು. ಹಾಲು ಸೋಸಲು ಹಳೇ ಪಂಚೆಯ ತುಂಡು, ಅದನ್ನು ದಿನಾ ಹಿತ್ತಿಲ ಒಲೆಯ ಮೇಲೆ ಬೂದಿ ನೀರಿನಲ್ಲಿ ಕುದಿಸುವವಳು. ನನ್ನವ್ವನೂ ಹೀಗೇ ಮಾಡುತ್ತಿದ್ದಳು. ಆ ಬೂದಿ ನೀರಿನ ವಾಸನೆ ಮೂಗಿಗೆ ಬಡಿದಾಗ ಒಂದು ಕ್ಷಣ ನಮ್ಮ ಹಿತ್ತಿಲಲ್ಲೇ ನಿಂತಂತಾಯಿತು. ದೊಡ್ಡವ್ವ ಗುಲಾಬಿ ಬಟ್ಟೆಯನ್ನು ಮೂಸಿ ನೋಡಿ, "ಕುದ್ಸಂಗೇ ಇಲ್ವಾ?" ಎಂದು ಕೇಳಿದಳು. "ಇಲ್ಲ ದೊಡ್ಡವ್ವ, ಕುದಿಸಿದ್ರೆ ಕೆಟ್ಟೋಗುತ್ತೆ. ತೊಳೆದು ಬೆಳಕಿಗೆ ಹಾಕಿ ಸಾಕು." ಅವಳಿಗೆ ಓದಲು ಬರುತ್ತಿರಲಿಲ್ಲ. ಡೈರಿಯ ಕಾರ್ಯದರ್ಶಿ, ಮೂವತ್ತೈದರ ಚುರುಕು ಹೆಂಗಸು, ಚೀಟಿಯನ್ನು ಎರಡು ಸಲ ಓದಿ ಹೇಳಿದಳು. "ಬೆಳಕಲ್ಲಿ, ದೊಡ್ಡವ್ವ. ಎಲ್ಡ್ ಗಂಟೆ." ದೊಡ್ಡವ್ವ ತಲೆಯಾಡಿಸಿ ಬಟ್ಟೆ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಮೂರು ವಾರ ನನ್ನಷ್ಟು ಸುಖಿ ಯಾರೂ ಇರಲಿಲ್ಲ. ವಾರಕ್ಕೊಮ್ಮೆ ಮಂಡ್ಯದಿಂದ ಬಸ್ಸು ಹತ್ತಿ ಹೋಗಿ ಆರು ಮನೆಯ ಹಾಲನ್ನು ಬೇರೆಬೇರೆ ಸೀಸೆಗೆ ಹಿಡಿದು, ಐಸು ತುಂಬಿದ ಡಬ್ಬಿಯಲ್ಲಿಟ್ಟು, ಮದ್ದೂರಿಗೆ ತರುತ್ತಿದ್ದೆ. ಐದು ಮನೆಯ ಹಾಲು ನೀಲಿ ನಿಲ್ಲುತ್ತಿತ್ತು. ಬಟ್ಟೆಯ ಬಣ್ಣವೂ ಗಟ್ಟಿ ಎಂದು ದೊಡ್ಡವ್ವನೇ ಡೈರಿಯಲ್ಲಿ ಹೇಳಿದ್ದಳು, "ಒಸೀನೂ ಮಾಸಿಲ್ಲ ಕಣವ್ವ." ನಾನು ಹಿಗ್ಗಿಹೋಗಿ ನನ್ನ ಲ್ಯಾಬ್ ಪುಸ್ತಕದಲ್ಲಿ, ಬಣ್ಣದ ಬಾಳಿಕೆ ಅತ್ಯುತ್ತಮ ಎಂದು ಬರೆದು ಕೆಳಗೆ ಗೆರೆ ಎಳೆದೆ.

ನಿಲ್ಲದೆ ಹೋಗಿದ್ದು ದೊಡ್ಡವ್ವನ ಹಾಲು ಮಾತ್ರ. ಮೊದಲ ವಾರ ಎರಡೂವರೆ ಗಂಟೆ, ಎರಡನೆಯ ವಾರ ಎರಡು, ಮೂರನೆಯ ವಾರ ಒಂದೂವರೆ ಗಂಟೆಗೇ ಬಿಳಿ. ಇದರ ನಡುವೆ ಡೈರಿಯ ಕ್ಯಾನು ಎರಡು ಸಲ ವಾಪಸು ಬಂತು. ಕಾರ್ಯದರ್ಶಿ ಒಬ್ಬೊಬ್ಬರದನ್ನೇ ಬೇರೆ ಮಾಡಿ ಕಳಿಸಿದಾಗ ಎರಡು ಸಲವೂ ಸಿಕ್ಕಿಬಿದ್ದಿದ್ದು ದೊಡ್ಡವ್ವನೇ. ಸಂಘದ ಸಭೆ ಸೇರಿತು. ಇನ್ನೊಂದು ಸಲ ಕೆಟ್ಟರೆ ಆಮೇಲೆ ಅವಳ ಹಾಲು ಹುಯ್ಸಿಕೊಳ್ಳುವುದಿಲ್ಲ ಎಂದು ತೀರ್ಮಾನವಾಯಿತು. ಸಭೆಯಲ್ಲಿ ಯಾರೋ, "ಕೈ ಕೊಳ್ಕಾದ್ರೆ ಬಟ್ಟೆ ಏನ್ ಮಾಡಾತು?" ಅಂದರಂತೆ. ಕಾರ್ಯದರ್ಶಿ ಫೋನಿನಲ್ಲಿ ಇದನ್ನು ಹೇಳುವಾಗ ದನಿ ತಗ್ಗಿಸಿದಳು. ನನಗೆ ಮೊದಲು ಬಂದದ್ದು ದುಃಖವಲ್ಲ, ಸಿಟ್ಟು. ಅದೂ ದೊಡ್ಡವ್ವನ ಮೇಲೆ. ಚೀಟಿಯಲ್ಲಿ ಬರೆದಂತೆ ಮಾಡದೆ ನನ್ನ ಬಟ್ಟೆಗೆ ಕೆಟ್ಟ ಹೆಸರು ತಂದಳಲ್ಲಾ ಎಂದು ಹಲ್ಲು ಕಚ್ಚಿಕೊಂಡೇ ಮಾರನೆಯ ಬೆಳಿಗ್ಗೆ ಬಸ್ಸು ಹತ್ತಿದೆ.

ದೊಡ್ಡವ್ವ ಜಗುಲಿಯ ಮೇಲೆ ಕೂತಿದ್ದಳು. ನನ್ನನ್ನು ಕಂಡು ಎದ್ದು ಒಳಗೆ ಹೋಗಿ ಕಾಫಿ ತಂದಿಟ್ಟಳು. ಕರೀ ಕಾಫಿ.

"ಆಲ್ ಆಕಿಲ್ಲ ಕಣವ್ವ. ನನ್ ಕೈ ಆಲ್ ಕುಡ್ದು ನಿಮ್ಗೇನಾರ ಆದಾತು."

ಲೋಟ ಕೆಳಗಿಟ್ಟು, "ಬಟ್ಟೆ ಎಲ್ಲಿ ದೊಡ್ಡವ್ವ? ಚೀಟೀಲಿ ಬರ್ದಂಗೆ ಮಾಡ್ತಿದ್ದೀರಾ?" ಎಂದೆ. ನನ್ನ ದನಿಯಲ್ಲಿ ಮೇಷ್ಟರು ಇದ್ದರು.

"ಬಾ, ನೀನೇ ನೋಡ್ಬಾ" ಎಂದು ಎದ್ದಳು. ಅಲ್ಲಿಯವರೆಗೂ ನೀವು ಎನ್ನುತ್ತಿದ್ದವಳು ನೀನು ಎಂದಿದ್ದು ಅದೇ ಮೊದಲು.

ಅಡುಗೆಮನೆ ಕತ್ತಲು. ಬೀದಿಯ ಎರಡೂ ಕಡೆ ಗೋಡೆಗೆ ಗೋಡೆ ಅಂಟಿದ ಮನೆಗಳು, ಕಿಟಕಿ ಇಡಲು ಜಾಗವೇ ಇಲ್ಲ. ಹಟ್ಟಹಗಲಿನಲ್ಲಿ ಅಲ್ಲಿ ಬಲ್ಬು ಉರಿಯುತ್ತಿತ್ತು. ಬಲ್ಬಿನ ಕೆಳಗೆ ತಂತಿ ಕಟ್ಟಿ ನನ್ನ ಎರಡೂ ಬಟ್ಟೆಗಳನ್ನು ಒಪ್ಪವಾಗಿ ಹರವಿದ್ದಳು.

"ನೀನ್ ಏಳ್ದಂಗೇ ಬೆಳ್ಕಲ್ಲೇ ಒಣ್ಗಾಕಿವ್ನಿ. ಎಲ್ಡ್ ಗಂಟೆ ಅಂದೆ, ನಾನ್ ನಾಕ್ ಗಂಟೆ ಬುಡ್ತೀನಿ. ಕರೆಂಟ್ ಓದ್ರೆ ಕಷ್ಟ ಆಯ್ತದೆ, ಆಗ ದೇವ್ರ್ ದೀಪ ತಂದು ಕೆಳ್ಗೆ ಇಡ್ತೀನಿ. ಇನ್ನೇನ್ ಮಾಡ್ಲಿ ಏಳು."

ನಾನು ಬಟ್ಟೆಯನ್ನು ಕೈಗೆತ್ತಿಕೊಂಡೆ. ಮೂರು ವಾರದ ಹಿಂದೆ ಓವನ್ನಿನಿಂದ ತೆಗೆದಾಗ ಎಷ್ಟು ಗಾಢ ಗುಲಾಬಿಯಾಗಿತ್ತೋ ಅಷ್ಟೇ ಗಾಢವಾಗಿತ್ತು. ಕಾಲೇಜಿನ ತಾರಸಿಯ ಮೇಲೆ ಒಣಗುತ್ತಿದ್ದ ಇದರ ಜೊತೆಯ ಬಟ್ಟೆಗಳು ಆ ಹೊತ್ತಿಗೆ ಸ್ವಲ್ಪ ಸ್ವಲ್ಪವೇ ಮಾಸಿ ತಿಳಿಯಾಗಿದ್ದವು. ಬಿಸಿಲಿಗೆ ಕೆಲಸ ಮಾಡುವ ಯಾವ ಬಣ್ಣವೂ ಮಾಸಲೇಬೇಕು. ಮಾಸಿಲ್ಲ ಎಂದರೆ ಕೆಲಸ ಮಾಡಿಲ್ಲ. ಇಪ್ಪತ್ತು ವರ್ಷ ಇದನ್ನು ಪಾಠ ಮಾಡಿದವಳು, ಮಾಸದ ಬಣ್ಣವನ್ನು ಹೊಗಳಿ ಪುಸ್ತಕದಲ್ಲಿ ಗೆರೆ ಎಳೆದಿದ್ದೆ. ಬ್ಯಾಗಿನಲ್ಲಿದ್ದ ಬೆಳಕಿನ ಮೀಟರನ್ನು ಬಲ್ಬಿನ ಕೆಳಗೆ ಹಿಡಿದೆ. ಇನ್ನೂರು ಚಿಲ್ಲರೆ ತೋರಿಸಿತು. ಅದನ್ನೇ ಬೀದಿಗೆ ತಂದಾಗ ಮೀಟರಿಗೆ ಅಳೆಯಲಾಗದೆ ಅಂಕಿಯೇ ಅಳಿಸಿಹೋಯಿತು. ಮತ್ತೆ ಒಳಗೆ ಬಂದೆ.

"ಬಿಸಿಲಿಗೆ ಯಾಕೆ ಹಾಕ್ಲಿಲ್ಲ ದೊಡ್ಡವ್ವ?"

"ಅಯ್ ಸುಮ್ಕಿರವ್ವ! ಆಲ್ ಸೋಸೋ ಬಟ್ಟೇನ ಯಾರಾರ ಬೀದೀಗ್ ಆಕ್ತಾರಾ? ಇತ್ಲಿಗ್ ಆಕುದ್ರೂ ಅಕ್ಕಪಕ್ಕದೋರು ನೋಡ್ತಾರೆ. ಯಾರ್ ಕಣ್ ಎಂಗೋ ಏನೋ. ಕಣ್ ಬಿದ್ರೆ ಅಸ ಆಲೇ ಬುಡಕಿಲ್ಲ. ನೀನ್ ಬಿಸ್ಲು ಅನ್ನಿಲ್ಲ. ಬೆಳ್ಕು ಅಂದೆ. ಬಿಸ್ಲು ಅಂದಿದ್ರೆ ಆವತ್ತೇ ನಿನ್ ಬಟ್ಟೆ ಬ್ಯಾಡ ಅಂತಿದ್ದೆ."

"ಪಂಚೆ ತುಂಡು ಕುದಿಸ್ತಿದ್ರಲ್ಲಾ..."

"ನೀನೇ ಬ್ಯಾಡ ಅಂದೆ."

ನಾನು ಅಲ್ಲೇ ಒರಳಿನ ಮೇಲೆ ಕೂತುಬಿಟ್ಟೆ. ಆ ಮನೆಯಲ್ಲಿ ಇದ್ದ ಒಂದು ಒಳ್ಳೆಯ ಪದ್ಧತಿಯನ್ನು ನಾನೇ ನಿಲ್ಲಿಸಿದ್ದೆ. ಅದರ ಬದಲು ಕತ್ತಲಲ್ಲಿ ಒದ್ದೆಯಾಗಿ ತೂಗುವ ಬಣ್ಣದ ಬಟ್ಟೆಯೊಂದನ್ನು ಕೊಟ್ಟಿದ್ದೆ. ಅವಳು ಅಕ್ಷರ ತಪ್ಪದೆ ನನ್ನ ಮಾತು ನಡೆಸಿದ್ದಕ್ಕೆ ಊರವರಿಂದ ಕೈ ಕೊಳಕು ಅನ್ನಿಸಿಕೊಂಡಿದ್ದಳು. ನನ್ನ ಕಣ್ಣಲ್ಲಿ ನೀರು ಬಂತು, ಮರೆಮಾಡಲೂ ಹೋಗಲಿಲ್ಲ. "ದುಡ್ಡು ಓದ್ರೆ ಓಗ್ಲಿ ಕಣವ್ವ. ಮೊದಲ್ನೇ ಚೊಂಬು ಉಯ್ದೋಳು ನಾನು. ನನ್ ಕೈ ಕೊಳ್ಕು ಅಂದ್ಬುಟ್ರಲ್ಲ" ಎಂದು ಅವಳು ತನ್ನ ಎರಡೂ ಅಂಗೈಯನ್ನು ನನ್ನ ಮುಂದೆ ಹಿಡಿದಳು. ತೊಳೆದೂ ತೊಳೆದೂ ಬೆರಳ ತುದಿ ಸುಕ್ಕಾಗಿತ್ತು.

ಹಾಗಾದರೆ ಉಳಿದ ಐದು ಮನೆಯ ಹಾಲು ಹೇಗೆ ನಿಂತಿತು? ಅದೇ ದಿನ ಮನೆಮನೆ ಹೊಕ್ಕು ನೋಡಿದೆ. ಮೂರು ಮನೆಯಲ್ಲಿ ನನ್ನ ಬಟ್ಟೆ ಟ್ರಂಕಿನಲ್ಲಿ ಭದ್ರವಾಗಿತ್ತು. ಅವರು ತಮ್ಮ ಹಳೇ ಬಟ್ಟೆಯನ್ನೇ ಕುದಿಸಿಕೊಂಡಿದ್ದರು. ನಾಲ್ಕನೆಯ ಮನೆಯವರು ಸ್ಟೀಲ್ ಜಾಲರಿ ತಂದಿದ್ದರು. ಐದನೆಯ ಮನೆಯಲ್ಲಿ ಎರಡೂ ಬಟ್ಟೆ ಟೀವಿಯ ಮೇಲಿದ್ದವು, ಅಂಚು ಇಳಿಬಿಟ್ಟು. "ಬಣ್ಣ ಬೋ ಸಂದಾಗದೆ ಅಂತ ಒದ್ಸಿದೀನಿ ಮೇಡಂ, ಕೊಳೆ ಮಾಡಕ್ ಮನ್ಸ್ ಬರ್ನಿಲ್ಲ" ಎಂದಳು ಆ ಮನೆಯಾಕೆ. ಸಿಟ್ಟು ಮಾಡಿಕೊಳ್ಳುವ ಯೋಗ್ಯತೆ ನನಗೆ ಉಳಿದಿರಲಿಲ್ಲ. ನನ್ನ ಪುಸ್ತಕದ ಒಳ್ಳೆಯ ಅಂಕಿಗಳೆಲ್ಲ ಬೂದಿ ನೀರಿನ, ಜಾಲರಿಯ, ನನ್ನದೇ ಐಸು ಡಬ್ಬಿಯ ಪುಣ್ಯ. ಇಡೀ ಊರಿನಲ್ಲಿ ನನ್ನನ್ನು ನಂಬಿದವಳು ದೊಡ್ಡವ್ವ ಒಬ್ಬಳೇ, ನಂಬಿ ಕೆಟ್ಟವಳೂ ಅವಳೊಬ್ಬಳೇ.

ಡೈರಿಗೆ ಹೋಗಿ ಕಾರ್ಯದರ್ಶಿಗೆ ಎಲ್ಲವನ್ನೂ ಹೇಳಿದೆ. ಅವಳು ದಾಖಲೆ ಪುಸ್ತಕವನ್ನು ಮುಂದೆಳೆದುಕೊಂಡು, "ಮೇಡಂ, ನೀವ್ ಏಳಿದ್ನ ನಾನ್ ನಂಬ್ತೀನಿ. ಸಭೇಲಿ ನಂಬಾಕಿಲ್ಲ. ಬರ್ದು ಕೊಡ್ತೀರಾ?" ಎಂದಳು. ಹೊರಗೆ ಬಂದು ನಮ್ಮ ವಿಭಾಗದ ಮುಖ್ಯಸ್ಥರಿಗೆ ಫೋನು ಮಾಡಿದೆ. ಅವರು ಒಳ್ಳೆಯವರೇ. "ಬಾಯಲ್ಲಿ ಎಷ್ಟು ಬೇಕೋ ಅಷ್ಟು ಹೇಳಿ ಬನ್ನಿ ಮೇಡಂ, ಬರವಣಿಗೆ ಮಾತ್ರ ಬೇಡ. ಮುಂದಿನ ತಿಂಗಳು ಯೋಜನೆಗೆ ದುಡ್ಡು ಕೊಟ್ಟವರ ಪರಿಶೀಲನೆ ಇದೆ. ನೀವೇ ಸಹಿ ಹಾಕಿ, ನನ್ನ ಬಟ್ಟೆಯಿಂದ ಹಾಲು ಕೆಟ್ಟಿತು ಅಂದ್ರೆ ಮುಗೀತು" ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಬಸ್ ಸ್ಟಾಪಿನ ಕಟ್ಟೆಯ ಮೇಲೆ ಕೂತೆ. ಮಳವಳ್ಳಿಯ ಬಸ್ಸು ಬಂದು ಹೋಯಿತು, ಹತ್ತಲಿಲ್ಲ. ಈ ಬಟ್ಟೆಗಾಗಿ ಸವೆಸಿದ ಒಂದು ವರ್ಷ ಕಣ್ಣ ಮುಂದೆ ಬಂತು. ಸುಕ್ಕಾದ ಆ ಬೆರಳುಗಳೂ ಬಂದವು. ಎದ್ದು ವಾಪಸು ಹೋಗಿ ಡೈರಿಯ ದಾಖಲೆ ಪುಸ್ತಕದಲ್ಲಿ ನನ್ನ ಕೈಯಾರೆ ಬರೆದೆ: ಇವರ ಹಾಲು ಕೆಟ್ಟಿದ್ದು ನಾನು ಕೊಟ್ಟ ಬಟ್ಟೆಯಿಂದ ಮತ್ತು ನಾನು ತಪ್ಪಾಗಿ ಬರೆದ ಸೂಚನೆಯಿಂದ. ಇವರ ಕೈಯಿಂದಲ್ಲ. ಕೆಳಗೆ ಸಹಿ ಹಾಕಿದೆ. ಅದರ ನಕಲನ್ನು ಪರಿಶೀಲನೆಯ ದಿನ ನಾನೇ ಮೇಜಿನ ಮೇಲಿಟ್ಟೆ. ಯೋಜನೆ ಎರಡನೆಯ ವರ್ಷಕ್ಕೆ ಹೋಗಲಿಲ್ಲ. ಆಗ ಬಹಳ ಸಂಕಟವಾಗಿತ್ತು, ಈಗಿಲ್ಲ.

ಆ ಬರಹದಿಂದ ಎಲ್ಲ ಸರಿಹೋಯಿತು ಅಂದುಕೊಂಡಿದ್ದೆ. ಮಾರನೆಯ ಬೆಳಿಗ್ಗೆ ಡೈರಿಯ ಸಾಲಿನಲ್ಲಿ ಕಾರ್ಯದರ್ಶಿ ಅದನ್ನು ಓದಿದಾಗ, ಸಾಲಿನಲ್ಲಿದ್ದ ಹೆಂಗಸೊಬ್ಬಳು, "ಓದಿರೋರು, ಪಾಪ ಅಂತ ಕನಿಕರಕ್ಕೆ ಬರ್ಕೊಟ್ಟವ್ರೆ ಬುಡಿ" ಎಂದಳಂತೆ. ನಾನು ದೊಡ್ಡವ್ವನ ಮನೆಗೆ ಹೋದಾಗ ಅವಳು ಅದನ್ನು ನಗುತ್ತಲೇ ಹೇಳಿದಳು. ಸಭೆ ಹೇಳಿದ ಆ ಕೊನೆಯ ಪರೀಕ್ಷೆಗೆ ಇನ್ನೊಂದು ವಾರವಿತ್ತು.

"ದೊಡ್ಡವ್ವ, ನನ್ನ ಬಟ್ಟೆ ಕೊಟ್ಬಿಡಿ. ನಿಮ್ಮ ಪಂಚೆ ತುಂಡನ್ನೇ ಕುದಿಸಿ ಸೋಸಿ. ಖಂಡಿತ ಪಾಸಾಗುತ್ತೆ."

"ಪಾಸಾಯ್ತದೆ. ಆಗ ಏನಂತಾರೆ ಗೊತ್ತಾ? ಬಯ್ಸ್‌ಕಂಡ್ ಮ್ಯಾಲೆ ಕೈ ತೊಳ್ಕಂಡ್ಳು ಅಂತಾರೆ." ಅವಳು ತಂತಿಯಿಂದ ಗುಲಾಬಿ ಬಟ್ಟೆಗಳನ್ನು ಎಳೆದುಕೊಂಡಳು. "ಅದೇ ಬಟ್ಟೆ ಆಗ್ಬೇಕು, ಅದೇ ಕೈ ಆಗ್ಬೇಕು. ಬಿಸ್ಲೊಂದೇ ಬ್ಯಾರೆ ಆಗ್ಬೇಕು. ಆಗ ಗೊತ್ತಾಯ್ತದೆ ಯಾವ್ದು ಕೊಳ್ಕು ಅಂತ."

ಎಲ್ಲವನ್ನೂ ಹಾಗೇ ಇಟ್ಟು ಒಂದನ್ನು ಮಾತ್ರ ಬದಲಿಸಿ ನೋಡು ಎಂದು ನಾನು ಮಕ್ಕಳಿಗೆ ಹೇಳಿಕೊಡುತ್ತೇನೆ. ಆರು ಮನೆಗೆ ಬಟ್ಟೆ ಹಂಚುವಾಗ ನನಗೆ ಹೊಳೆಯದ ಪ್ರಯೋಗವನ್ನು ಅಕ್ಷರ ಬಾರದ ಅವಳು ನಿಂತ ನಿಲುವಿನಲ್ಲಿ ಕಟ್ಟಿಕೊಟ್ಟಿದ್ದಳು. ಹೆಮ್ಮೆಯ ಜೊತೆಗೇ ಭಯವೂ ಆಯಿತು. ತಾರಸಿಯಲ್ಲಿ ಬಟ್ಟೆ ಕೆಲಸ ಮಾಡಿದ್ದು ನಿಜ. ಆದರೆ ದಿನಕ್ಕೆರಡು ಸಲ ಹಾಲಿನ ಜಿಡ್ಡು ಕುಡಿದು, ಮೂರು ವಾರ ಕತ್ತಲಲ್ಲಿ ಕೂತ ಬಟ್ಟೆ? ಆ ಪರೀಕ್ಷೆ ನಾನು ಮಾಡಿರಲಿಲ್ಲ. ಕೆಟ್ಟರೆ ಅವಳ ಹಾಲು ಡೈರಿಯಿಂದ ಶಾಶ್ವತವಾಗಿ ಹೊರಗೆ. ಬೇಡ ಎಂದು ಕಾಲು ಹಿಡಿಯುವುದೊಂದು ಬಾಕಿ. ಅವಳು ಕೇಳಲಿಲ್ಲ.

ಕಡೆಗೆ, ಆಗಬಹುದಾದಷ್ಟನ್ನು ಮಾಡಿದೆ. ಎರಡೂ ಬಟ್ಟೆಯನ್ನು ಮಂಡ್ಯಕ್ಕೆ ತಂದು, ಉಗುರುಬೆಚ್ಚನೆಯ ನೀರಿನಲ್ಲಿ ಸೌಮ್ಯವಾದ ಸೋಪಿನಿಂದ ಜಿಡ್ಡು ತೆಗೆದೆ. ಟೈಲರ್ ಸಾಹೇಬರ ಹತ್ತಿರ ಹೋಗಿ ಒಂದು ಮೂಲೆಯಲ್ಲಿ ಕಪ್ಪು ದಾರದಿಂದ ದುಂಡಗೆ ಬೊಟ್ಟಿನಷ್ಟು ಹೊಲಿಯಿರಿ ಎಂದೆ. ಅವರು ಕನ್ನಡಕದ ಮೇಲಿನಿಂದ ನೋಡಿ, "ಲೇಬಲ್ಲಾ ಅಮ್ಮಾ?" ಎಂದರು. "ಅಂಥದ್ದೇ" ಎಂದೆ. ರಸಾಯನಶಾಸ್ತ್ರದ ಮೇಡಂ ದೃಷ್ಟಿಬೊಟ್ಟು ಹೊಲಿಸಿದ್ದನ್ನು ಸಹೋದ್ಯೋಗಿಗೂ ಹೇಳಲಿಲ್ಲ.

ಎರಡು ದಿನ ಬಿಟ್ಟು ಬಟ್ಟೆ ಕೊಡಲು ಹೋದೆ. ಹಿತ್ತಿಲ ಮೂಲೆಯಲ್ಲಿ, ದನದ ಕೊಟ್ಟಿಗೆಯ ಮರೆಯಲ್ಲಿ ಎಲ್ಲಾದರೂ ಹಾಕುತ್ತಾಳೆ ಎಂದುಕೊಂಡಿದ್ದೆ. ದೊಡ್ಡವ್ವ ಆಗಲೇ ಬೀದಿಬಾಗಿಲ ಮುಂದೆ, ಕರೆಂಟು ಕಂಬದಿಂದ ಜಗುಲಿಯ ಕಂಬಕ್ಕೆ ಹಗ್ಗ ಬಿಗಿದಿದ್ದಳು. ಡೈರಿಗೆ ಹೋಗುವ ಪ್ರತಿಯೊಬ್ಬರೂ ಅದರ ಕೆಳಗೇ ಹೋಗಬೇಕು. ನನ್ನ ಕೈಯಿಂದ ಬಟ್ಟೆ ತೆಗೆದುಕೊಂಡು ಹರವುವಾಗ ಕಪ್ಪು ಬೊಟ್ಟು ಕಣ್ಣಿಗೆ ಬಿತ್ತು.

"ಇದೇನವ್ವ?"

"ಕಣ್ಣು ಬೀಳದೆ ಇರ್ಲಿ ಅಂತ..." ನನಗೆ ನಾಚಿಕೆಯಾಯಿತು.

ದೊಡ್ಡವ್ವ ಆ ತಿಂಗಳಲ್ಲಿ ಮೊದಲ ಸಲ ಬಾಯ್ತುಂಬ ನಕ್ಕಳು. "ಓದಿರೋಳು, ನಿಂಗೂ ಇದಾ? ಬೀಳ್ಲಿ ಬುಡು. ಎಲ್ಲಾರ್ ಕಣ್ಣೂ ಬೀಳ್ಲಿ ಅಂತಾನೇ ಇಲ್ಲಿ ಆಕ್ತಿರೋದು." ಬೊಟ್ಟಿನ ಮೂಲೆಯನ್ನು ಒಳಗೆ ಮಡಚಿ ಹಗ್ಗಕ್ಕೆ ಸಿಕ್ಕಿಸಿದಳು.

ಐದು ದಿನ ಆ ಬಟ್ಟೆ ಬೀದಿಯ ಬಿಸಿಲಿನಲ್ಲಿ ಆಡಿತು. ಆ ದಿನಗಳಲ್ಲಿ ನಾನು ಏನು ಪಾಠ ಮಾಡಿದೆನೋ ನೆನಪಿಲ್ಲ, ಮೋಡ ನೋಡಿದ್ದು ಮಾತ್ರ ನೆನಪಿದೆ. ಆರನೆಯ ಬೆಳಿಗ್ಗೆ ಕಾರ್ಯದರ್ಶಿ ಸಂಘದ ಇಬ್ಬರು ಸದಸ್ಯೆಯರ ಎದುರಿನಲ್ಲೇ ದೊಡ್ಡವ್ವನ ಹಾಲು ಸೋಸಿಸಿ ಸೀಸೆಗೆ ಹಿಡಿದು ಮೊಹರು ಮಾಡಿ ಕೊಟ್ಟಳು. ನಾನು ಮದ್ದೂರಿಗೆ ತಂದೆ. ಪರೀಕ್ಷಾಲಯದವರು ಹತ್ತು ಮಿಲಿ ಹಾಲಿಗೆ ಒಂದು ಮಿಲಿ ನೀಲಿ ಹಾಕಿ, ನಳಿಕೆಯ ಬಾಯಿ ಮುಚ್ಚಿ, ಬೆಚ್ಚನೆಯ ನೀರಿನ ತೊಟ್ಟಿಗಿಳಿಸಿ, ನನಗೊಂದು ಸ್ಟೂಲು ಕೊಟ್ಟರು. ಅರ್ಧ ಗಂಟೆಗೊಮ್ಮೆ ಬಂದು ನಳಿಕೆಯನ್ನು ಒಮ್ಮೆ ತಲೆಕೆಳಗು ಮಾಡಿ ಇಡುವರು. ಒಂದೂವರೆ ಗಂಟೆಗೆ ತೊಟ್ಟಿಯ ಮೇಲೆ ಬಗ್ಗಿ ನೋಡಿದೆ. ನೀಲಿ ಇತ್ತು. ಎರಡು ಗಂಟೆಗೂ ಇತ್ತು. ಮೂರು ಗಂಟೆಗೆ ಎದ್ದು ಕಿಟಕಿಯ ಹತ್ತಿರ ನಿಂತು, ತಿರುಗಿ ನೋಡಲು ಧೈರ್ಯ ಬಾರದೆ ರಸ್ತೆಯ ಲಾರಿಗಳನ್ನು ನೋಡಿದೆ. ಐದು ಗಂಟೆ ತುಂಬಿದಾಗ ಅಲ್ಲಿನ ಹುಡುಗಿ ನಳಿಕೆಯನ್ನು ಮೇಲೆತ್ತಿ, "ಇನ್ನೂ ನೀಲಿ ಮೇಡಂ, ಬರ್ಕೊಳ್ಲಾ?" ಎಂದಳು. ತಲೆಯಾಡಿಸಿದೆ.

ಹೊರಗೆ ಬಂದು ಕಾರ್ಯದರ್ಶಿಗೆ ಫೋನು ಮಾಡಿದೆ. ಸಂಜೆಯ ಹಾಲಿನ ಹೊತ್ತು, ಹಿಂದೆ ಕ್ಯಾನುಗಳ ಸದ್ದು, ಹೆಂಗಸರ ಮಾತು. ಪಾಸು ಅಂದದ್ದೇ ತಡ, ಅವಳು ಜೋರಾಗಿ ಇಡೀ ಸಾಲಿಗೆ ಕೇಳುವ ಹಾಗೆ ಕೂಗಿ ಹೇಳಿದಳು. ಗದ್ದಲ ಎದ್ದಿತು. ಆಮೇಲೆ ಫೋನು ಕೈಯಿಂದ ಕೈಗೆ ದಾಟಿದ ಸದ್ದು.

"ದೊಡ್ಡವ್ವ," ಎಂದೆ, "ನಿಮ್ಮ ಹಾಲು ಐದು ಗಂಟೆ ನಿಂತಿದೆ. ನಿಮ್ಮ ಕೈಗೆ ಇನ್ನು ಯಾರೂ..."

"ನನ್ ಕೈ ವಿಚಾರ ನಂಗೊತ್ತಿಲ್ವೇನವ್ವ?" ಎಂದಳು ದೊಡ್ಡವ್ವ. "ನಿನ್ ಬಟ್ಟೆ ಪಾಸಾಯ್ತಾ, ಅದೇಳು."